ದೊರೆ ಕಂಡಷ್ಟು

ಜೂನ್ 3, ಮಂಗಳವಾರ

ಇವಳು ಮಗಳ ಮನೆಗೆ ಹೋಗಿ ಇವತ್ತಿಗೆ ಹನ್ನೆರಡು ದಿನ. ಎರಡು ದಿನ ಕಳೆದರೆ ತಾನಾಗಿ ಬರುತ್ತಾಳೆ ಅಂದುಕೊಂಡಿದ್ದೆ. ನಾನಂತೂ ಫೋನ್ ಮಾಡುವುದಿಲ್ಲ. ಹೋದವರಿಗೆ ಬರುವ ದಾರಿಯೂ ಗೊತ್ತಿರುತ್ತದೆ.

ಒಂದು ಲೋಟ ಬಿದ್ದದ್ದಕ್ಕೆ ಇಷ್ಟು ರಾದ್ಧಾಂತ. ಸರಿ, ಒಪ್ಪಿದೆ, ಬಿದ್ದದ್ದಲ್ಲ, ನಾನು ಎಸೆದದ್ದು. ಎಸೆದದ್ದೂ ಗೋಡೆಗೆ, ಅವಳಿಗಲ್ಲ. ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಸ್ಟೆನೋ ಆಗಿ ಕೂತು ಸಾವಿರಾರು ಜನರ ಹೇಳಿಕೆ ಬರೆದುಕೊಂಡವನು ನಾನು. ಹಲ್ಲೆ ಅಂದರೇನು, ಹಾಲಿನ ಲೋಟ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಗಳಿರುವ ಮಹಡಿ ಮನೆಯಲ್ಲಿ ನಾಯಿ ಬಿಡುವುದಿಲ್ಲವಂತೆ, ಹಾಗಾಗಿ ನಾಯಿ ನನ್ನ ಪಾಲಿಗೆ ಬಂತು. ಒಂಬತ್ತು ವರ್ಷದ ಕಂದು ನಾಯಿ. ಮಲಗುವುದು ಬಿಟ್ಟರೆ ಬೇರೆ ಉದ್ಯೋಗ ಇಲ್ಲ ಅಂತ ಇವಳೇ ಅದಕ್ಕೆ ದೊರೆ ಅಂತ ಹೆಸರಿಟ್ಟಳು. ಹಾಲು ಬ್ರೆಡ್ಡು ಹಾಕಿದರೆ ಅರ್ಧ ತಿಂದು ಬಿಡುತ್ತದೆ. ಮುಖ ಊದಿಸಿಕೊಳ್ಳುವುದನ್ನು ಅದಕ್ಕೂ ಕಲಿಸಿ ಹೋಗಿದ್ದಾಳೆ.

ಗ್ರಂಥಾಲಯದ ನಾಲ್ಕು ಪುಸ್ತಕ ಬಿಟ್ಟು ಹೋಗಿದ್ದಾಳೆ, ನಾನೇ ವಾಪಸ್ ಕೊಡಬೇಕು. ತೆರೆದು ನೋಡಿದರೆ ನಾಲ್ಕೂ ಕಾದಂಬರಿ, ನಾಲ್ಕರಲ್ಲೂ ಕಥೆ ಹೇಳುವುದು ಪ್ರಾಣಿ. ಒಂದರಲ್ಲಿ ಕುದುರೆ, ಒಂದರಲ್ಲಿ ಬೆಕ್ಕು, ಒಂದರಲ್ಲಿ ಕತ್ತೆ, ಇನ್ನೊಂದರಲ್ಲಿ ಕಾಗೆ. ಮೂವತ್ತಾರು ವರ್ಷ ಸಂಸಾರ ಮಾಡಿದ್ದೇನೆ, ಇವಳು ಇಂಥದ್ದು ಓದುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಜೂನ್ 5, ಗುರುವಾರ

ಹೊತ್ತು ಹೋಗದೆ ಕತ್ತೆಯ ಕಾದಂಬರಿ ಓದಿದೆ. ಸೂರ್ಯಾಸ್ತದ ವರ್ಣನೆಯೇ ಎರಡು ಪುಟ! ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅನ್ನುತ್ತಾರೆ. ಈ ಕತ್ತೆಗೆ ಕಸ್ತೂರಿಯ ಜೊತೆಗೆ ವೇದಾಂತವೂ ಗೊತ್ತು. ಬೆಕ್ಕಿನದ್ದು ಅದಕ್ಕಿಂತ ಅನ್ಯಾಯ. ಯಜಮಾನಿ ಮನಸ್ಸಿನಲ್ಲಿ ಏನು ಅಂದುಕೊಂಡಳು ಅಂತ ಬೆಕ್ಕು ಹೇಳುತ್ತದೆ. ಸಾಕ್ಷಿ ಅಂದಮೇಲೆ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಅಷ್ಟೇ ಹೇಳಬೇಕು. ಊಹೆ, ಅಂತೆಕಂತೆ ಕಟಕಟೆಯಲ್ಲಿ ನಡೆಯುವುದಿಲ್ಲ. ನಮ್ಮ ದೊಡ್ಡ ನ್ಯಾಯಾಧೀಶರು ಅಂಥ ಸಾಕ್ಷಿ ಬಂದರೆ ಪೆನ್ನು ಕೆಳಗಿಟ್ಟು, "ನಿಮಗೆ ಹೇಗೆ ಗೊತ್ತು?" ಅಂತ ಒಂದೇ ಮಾತು ಕೇಳುತ್ತಿದ್ದರು. ಅರ್ಧ ಜನ ಅಲ್ಲೇ ಬೆವರುತ್ತಿದ್ದರು.

ಪುಸ್ತಕ ಕೊಟ್ಟು ಬಂದೆ. ಗ್ರಂಥಪಾಲಕಿ ದಪ್ಪ ಕನ್ನಡಕದ ಹೆಂಗಸು, ಮಾತಾಡುವಾಗಲೂ ಪುಸ್ತಕದ ಧೂಳು ಒರೆಸುತ್ತಲೇ ಇರುತ್ತಾರೆ. "ನಿಮ್ಮನೆಯವರು ಕಾಣ್ಲೇ ಇಲ್ವಲ್ಲ?" ಅಂದರು. ಮಗಳ ಮನೆಗೆ ಹೋಗಿದ್ದಾಳೆ ಅಂದೆ. "ಪ್ರಾಣಿ ಹೇಳೋ ಕಾದಂಬರಿ ಯಾವ್ದು ಬಂದ್ರೂ ಅವರಿಗೆ ಅಂತಲೇ ಎತ್ತಿಡ್ತೀನಿ. ಹನ್ನೊಂದು ವರ್ಷದಿಂದ ಓದ್ತಾ ಇದ್ದಾರೆ" ಅಂದರು.

ವಾಪಸ್ ಬರುವಾಗ ದಾರಿಯಲ್ಲಿ ಹೊಳೆಯಿತು. ನಾನೇ ಒಂದು ಬರೆಯುತ್ತೇನೆ. ದೊರೆ ಹೇಳುವ ಕಾದಂಬರಿ. ನಮ್ಮ ಮನೆಯಲ್ಲಿ ಏನು ನಡೆಯಿತು ಅಂತ ನಾನು ಹೇಳಿದರೆ ಇವಳು ಕೇಳುವುದಿಲ್ಲ. ಮಗಳು ಹುಟ್ಟಿದಾಗಿನಿಂದ ಅಮ್ಮನ ಪಕ್ಷ. ನಾಯಿ ಯಾರ ಪಕ್ಷವೂ ಅಲ್ಲ. ಪ್ರಾಣಿ ಹೇಳಿದ್ದಾದರೆ ಇವಳು ಓದಿಯೇ ಓದುತ್ತಾಳೆ. ಓದಿದರೆ ಬರುತ್ತಾಳೆ.

ಜೂನ್ 8, ಭಾನುವಾರ

ಮೂರು ದಿನಕ್ಕೆ ಹನ್ನೊಂದು ಪುಟ! ಶುರುವೇ ಚೆನ್ನಾಗಿ ಬಂದಿದೆ:

"ನನ್ನ ಯಜಮಾನರು ಸತ್ಯಕ್ಕೆ ಹೆಸರಾದವರು. ಸಂಜೆ ಅವರ ಗೇಟಿನ ಸದ್ದು ಕೇಳಿದರೆ ಸಾಕು, ನಾನು ಬಾಲ ಅಲ್ಲಾಡಿಸುತ್ತಾ ಎದುರಿಗೆ ಓಡುತ್ತೇನೆ. ಅವರ ಕೋಪ ಎಷ್ಟು ಬೇಗ ಏರುತ್ತದೋ ಅಷ್ಟೇ ಬೇಗ ಇಳಿಯುತ್ತದೆ. ಯಜಮಾನಿಗೆ ಇದು ಅರ್ಥವಾಗಲಿಲ್ಲ."

ಮಧ್ಯಾಹ್ನ ಮಗಳು ಬಂದಳು. ಅಮ್ಮನ ಬಟ್ಟೆ, ಕಣ್ಣಿನ ಹನಿ, ಅಗಲ ಪಟ್ಟಿಯ ಹಳೇ ಚಪ್ಪಲಿ ಬೇಕಂತೆ. "ಹೊಸದು ಹಾಕ್ಕೊಂಡೇ ಹೋದ್ಲಲ್ಲ, ಹಳೇದು ಯಾಕೆ?" ಅಂದೆ. ಬಟ್ಟೆ ಮಡಚಿ ಚೀಲಕ್ಕೆ ಹಾಕುತ್ತಾ, "ತಿಂಗಳ ಕೊನೇಲಿ ಬಂದು ತಾನೇ ಹೇಳ್ತಾಳಂತೆ" ಅಂದಳು.

"ಏನು ಹೇಳೋದು?"

"ಈ ಮನೆಗೆ ವಾಪಸ್ ಬರ್ತಾಳೋ ಇಲ್ವೋ ಅಂತ."

ಬರ್ತಾಳೋ ಇಲ್ವೋ ಅನ್ನುವ ಪ್ರಶ್ನೆಯೂ ಇದೆ ಅಂತ ನನಗೆ ಆ ಗಳಿಗೆಯಲ್ಲೇ ಗೊತ್ತಾದದ್ದು. ತೋರಿಸಿಕೊಳ್ಳಲಿಲ್ಲ. ಮೊದಲ ಪುಟ ಅವಳಿಗೆ ಓದಿ ಹೇಳಿದೆ. ಅವಳು ಕೂರಲಿಲ್ಲ, ಬಾಗಿಲಲ್ಲಿ ನಿಂತೇ ಕೇಳಿದಳು.

"ಅಪ್ಪಾ, ದೊರೆ ಯಾವತ್ತು ನಿಮ್ಮೆದುರಿಗೆ ಓಡಿ ಬಂದಿದ್ದಾನೆ?"

"ದಿನಾ ಬರುತ್ತೆ."

"ಇಲ್ಲಪ್ಪ. ನಾನು ಬಂದ್ರೆ ಬರ್ತಾನೆ. ಬೇಕಾದ್ರೆ ನೀವೇ ನೋಡಿ."

ಅಷ್ಟು ಹೇಳಿ ಹೊರಟೇ ಹೋದಳು. ಮೂಗಿನ ತುದಿಯಲ್ಲೇ ಕೋಪ ಆ ಹುಡುಗಿಗೆ. ಯಾರನ್ನು ಹೋತಿದ್ದಾಳೋ.

ಜೂನ್ 11, ಬುಧವಾರ

ಗ್ರಂಥಪಾಲಕಿಗೆ ಓದಲು ಕೊಟ್ಟದ್ದು ದೊಡ್ಡ ತಪ್ಪು. ಪೆನ್ಸಿಲ್ ಹಿಡಿದು ಓದಿದ್ದಾರೆ. ಸತ್ಯಕ್ಕೆ ಹೆಸರಾದವರು: "ನಾಯಿಗೆ ಹೇಗೆ ಗೊತ್ತು?" ಕೋಪ ಬೇಗ ಇಳಿಯುತ್ತದೆ: "ನಾಯಿಗೆ ಹೇಗೆ ಗೊತ್ತು?" ಯಜಮಾನಿಗೆ ಅರ್ಥವಾಗಲಿಲ್ಲ: "ನಾಯಿಗೆ ಹೇಗೆ ಗೊತ್ತು?" ಹನ್ನೊಂದು ಪುಟದಲ್ಲಿ ನಲವತ್ತೊಂದು ಸಲ ಬರೆದಿದ್ದಾರೆ. ಎಣಿಸಿದೆ.

"ಇದ್ರಲ್ಲಿ ನಾಯಿ ಎಲ್ಲಿದೆ ಸಾರ್? ನಾಯಿ ಚರ್ಮ ಹೊದ್ದು ನೀವೇ ನಿಂತಿದ್ದೀರಿ" ಅಂದರು.

ಅಲ್ಲೇ ಎರಡು ಮಾತು ಆಡಿಬಿಡುತ್ತಿದ್ದೆ. ಆದರೆ ನಿಯಮ ನನ್ನದೇ. ಪುಸ್ತಕ ವಾಪಸ್ ಕೊಟ್ಟ ದಿನ ನಾನೇ ಅವರಿಗೆ ಕತ್ತೆ, ಬೆಕ್ಕಿನ ಸಾಕ್ಷಿಯ ಮೇಲೆ ಭಾಷಣ ಬಿಗಿದು ಬಂದಿದ್ದೆ. ನುಂಗಿಕೊಂಡು ಎದ್ದು ಬಂದೆ. ಮನೆಗೆ ಬಂದಮೇಲೆ ಬೈದೆ, ಗೋಡೆಗೆ, ಜೋರಾಗಿ. ಆಮೇಲೆ ನೋಡಿದರೆ ನಾಯಿ ಕಾಣಲಿಲ್ಲ. ಹುಡುಕಿದರೆ ಬಚ್ಚಲಲ್ಲಿ ಬಕೆಟ್ಟಿನ ಹಿಂದೆ ಕೂತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೈದದ್ದು ಅದನ್ನಲ್ಲ.

ಜೂನ್ 12, ಗುರುವಾರ

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯವನಲ್ಲ. ಹನ್ನೊಂದು ಪುಟ ಹೊಡೆದು ಹಾಕಿದೆ. ಉಳಿದದ್ದು ನಾಲ್ಕು ಸಾಲು, ಅದೂ ಬ್ರೆಡ್ಡಿನ ವಿಷಯ. ಹೊಸ ನೋಟ್‌ಬುಕ್ ತೆಗೆದಿದ್ದೇನೆ. ದೊರೆ ಏನು ಮಾಡುತ್ತದೆ, ಎಷ್ಟು ಗಂಟೆಗೆ ಮಾಡುತ್ತದೆ, ಶೀಘ್ರಲಿಪಿಯಲ್ಲಿ ಬರೆಯುವುದು. ಊಹೆ ಬೇಡ. ಕಂಡಷ್ಟು.

ಜೂನ್ 14, ಶನಿವಾರ

ಸಂಜೆ 5.10. ನಾನು ಹೊರಗಿನಿಂದ ಬಂದೆ. ಗೇಟಿನ ಹತ್ತಿರ ನಿಂತರೆ ಕಿಟಕಿಯಿಂದ ಪಡಸಾಲೆಯೂ ಕಾಣುತ್ತದೆ, ಅದರಾಚೆ ಅಡುಗೆಮನೆಯೂ ಕಾಣುತ್ತದೆ. ಅಗುಳಿ ಸದ್ದಾದ ಕೂಡಲೆ ನಾಯಿ ಚಾಪೆಯಿಂದ ಎದ್ದಿತು. ಬಾಗಿಲಿಗೆ ಬರಲಿಲ್ಲ. ಅಡುಗೆಮನೆಗೆ ಹೋಗಿ ಒಲೆಯ ಕಟ್ಟೆಗೆ ಬೆನ್ನು ಮಾಡಿ, ಮುಖ ಬಾಗಿಲ ಕಡೆ ಇಟ್ಟು ನಿಂತಿತು. ಬಾಲ ಅಲ್ಲಾಡಲಿಲ್ಲ. ಹಸಿವು ಇರಬೇಕು ಅಂತ ಬರೆದೆ. ತಟ್ಟೆ ನೋಡಿದರೆ ಬ್ರೆಡ್ಡು ಹಾಗೇ ಇತ್ತು. ಹಸಿವು ಅನ್ನುವುದನ್ನು ಹೊಡೆದು ಹಾಕಿದೆ.

ಜೂನ್ 15, ಭಾನುವಾರ

ಒಂದು ಸಲ ಆದದ್ದು ಪುರಾವೆಯಲ್ಲ. ಬೆಳಿಗ್ಗೆ ನಾಲ್ಕು ಸಲ ಹೊರಗೆ ಹೋಗಿ ನಾಲ್ಕು ಸಲ ಒಳಗೆ ಬಂದೆ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಾ ನೋಡಿ, "ಏನು ಸಾರ್, ಏನಾದ್ರೂ ಮರೆತು ಹೋಗ್ತಿದೆಯಾ?" ಅಂದರು. ನಾಲ್ಕು ಸಲವೂ ನಾಯಿ ಎದ್ದು ಒಲೆ ಮುಂದೆ ಹೋಗಿ ನಿಂತಿತು. ಐದನೆಯ ಸಲ ಆಕೆಯನ್ನೇ ಒಳಗೆ ಬರಲು ಕೇಳಿಕೊಂಡೆ. ಬಾಲದ ಜೊತೆ ಸೊಂಟವನ್ನೂ ಅಲ್ಲಾಡಿಸುತ್ತಾ ಓಡಿತು, ಅವರ ಕೈ ನೆಕ್ಕಿತು.

ಮಗಳು ಹೇಳಿದ್ದು ಸರಿ. ಬರೆದುಕೊಂಡೆ.

ಒಲೆ ಮುಂದೆ ಯಾಕೆ ನಿಲ್ಲುತ್ತದೆ ಅಂತ ಗೊತ್ತಾಗುತ್ತಿಲ್ಲ. ಅಲ್ಲಿ ಅದಕ್ಕೇನು ಕೆಲಸ? ಸಂಜೆ ಹೊತ್ತು ಅಲ್ಲಿ ಇರುತ್ತಿದ್ದವಳು ಇವಳು.

ಜೂನ್ 19, ಗುರುವಾರ

ನಾಲ್ಕು ದಿನದ ಹೇಳಿಕೆಯನ್ನು ಇವತ್ತು ನಕಲು ಮಾಡಿದೆ. ಬೀಗದ ಕೈ ಮೇಜಿನ ಮೇಲೆ ಎಸೆದರೆ ಕಿವಿ ಹಿಂದಕ್ಕೆ ಹೋಗುತ್ತವೆ. ನಾನು ಕುರ್ಚಿಯಿಂದ ಬೇಗ ಎದ್ದರೆ ಅದೂ ಎದ್ದು ಗೋಡೆ ಹಿಡಿದು ಹೋಗುತ್ತದೆ. ಕೆಮ್ಮಿದರೆ ಏನೂ ಇಲ್ಲ. ಗಂಟಲು ಸರಿಮಾಡಿಕೊಂಡರೆ ಮಾತ್ರ ತಲೆ ಎತ್ತುತ್ತದೆ. ಬೈಯುವ ಮೊದಲು ನಾನು ಗಂಟಲು ಸರಿಮಾಡಿಕೊಳ್ಳುತ್ತೇನಂತೆ. ಹೀಗಂತ ಇವಳು ಒಮ್ಮೆ ಹೇಳಿದ್ದಳು, ಅದಕ್ಕೂ ಬೈದಿದ್ದೆ.

ಮೊನ್ನೆ ನೀರು ಬಾರದ್ದಕ್ಕೆ ಕಚೇರಿಗೆ ಫೋನ್ ಮಾಡಿ ಕೂಗಾಡುತ್ತಿದ್ದೆ. ತಿರುಗಿ ನೋಡಿದರೆ ನಾಯಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತ್ತು. ಒಂಬತ್ತು ವರ್ಷದ ನಾಯಿ! ಗದರಿಸಬೇಕು ಅಂತ ಬಾಯಿಗೆ ಬಂದಿತ್ತು, ಆದರೆ ಸಮಯ ಬರೆದುಕೊಳ್ಳುವುದಿತ್ತು. ಬರೆದೆ, ಬಟ್ಟೆ ತಂದು ಒರೆಸಿದೆ. ಅದು ನಾನು ಒರೆಸುವುದನ್ನು ನೋಡುತ್ತಾ ನಿಂತಿತ್ತು. ನೀರಿನ ಕಚೇರಿಯವನು ಆ ಕಡೆ ಫೋನ್ ಹಿಡಿದೇ ಇದ್ದನೋ ಏನೋ, ಮರೆತುಬಿಟ್ಟೆ.

ಇನ್ನು ಮೇಲೆ ವಿಧಾನ ಬದಲಿಸಬೇಕು. ನಾನು ಸದ್ದು ಮಾಡಿದರೆ ಸಾಕ್ಷಿ ಹೆದರುತ್ತಾನೆ, ಹೆದರಿದ ಸಾಕ್ಷಿಯ ಹೇಳಿಕೆಗೆ ಬೆಲೆಯಿಲ್ಲ. ಬೀಗದ ಕೈ ಜೇಬಿನಲ್ಲೇ ಇಟ್ಟುಕೊಳ್ಳುವುದು. ಅಗುಳಿ ಮೆಲ್ಲಗೆ ಎತ್ತುವುದು. ನೆಲದ ಮೇಲೆ ಕೂತು ಬರೆಯುವುದು. ಇದೆಲ್ಲ ಕಾದಂಬರಿಗಾಗಿ.

ಜೂನ್ 22, ಭಾನುವಾರ

ಮಗಳ ಫೋನ್. ದೊರೆ ತಿನ್ನುತ್ತಿದ್ದಾನಾ ಅಂತ ಅಮ್ಮ ಕೇಳುತ್ತಿದ್ದಾಳಂತೆ. ಎರಡು ದಿನದಿಂದ ತಟ್ಟೆ ಖಾಲಿ ಮಾಡುತ್ತಿದ್ದಾನೆ ಅಂದೆ.

"ಅಪ್ಪಾ, ಹುಷಾರಿಲ್ವಾ? ದನಿ ಯಾಕೆ ಇಷ್ಟು ಸಣ್ಣಗಿದೆ?"

"ನಾಯಿ ಮಲಗಿದೆ" ಅಂದೆ.

ಫೋನನ್ನು ಮೆಲ್ಲಗೆ ಇಟ್ಟೆ.

ಜೂನ್ 25, ಬುಧವಾರ

ಇವತ್ತು ಮುಖ್ಯ ಅಧ್ಯಾಯ ಬರೆಯಲು ಕೂತೆ. ಲೋಟದ ಸಂಜೆ. ನನ್ನ ಕಡೆಯ ಇಡೀ ವಾದ ನಿಂತಿರುವುದೇ ಇದರ ಮೇಲೆ: ಎಸೆದದ್ದು ಗೋಡೆಗೆ, ಯಾರಿಗೂ ಏನೂ ಆಗಲಿಲ್ಲ. ನಾಯಿಯಿಂದ ಈ ಎರಡು ಮಾತು ಹೇಳಿಸಿದರೆ ಸಾಕು. ದೊರೆ ಮೇಜಿನ ಕೆಳಗೆ ಇದ್ದಿರಬೇಕು, ಅಲ್ಲಿಂದ ಶುರು ಮಾಡಿದೆ.

"ನನಗೆ ಕಾಣುತ್ತಿದ್ದದ್ದು ನಾಲ್ಕು ಕಾಲು. ಎರಡು ಒಲೆಯ ಹತ್ತಿರ, ಬರಿಗಾಲು. ಎರಡು ಬಾಗಿಲಲ್ಲಿ, ಶೂ ಹಾಕಿದ್ದವು. ಶೂಗಳ ಕಡೆಯಿಂದ ದೊಡ್ಡ ದನಿ ಬರುತ್ತಿತ್ತು. ಬರಿಗಾಲಿನ ಕಡೆಯಿಂದ ಒಂದು ಸಲ ಸಣ್ಣ ದನಿ ಬಂತು, ಆಮೇಲೆ ಬರಲಿಲ್ಲ. ಯಾವ ವಿಷಯಕ್ಕೆ ಅಂತ ನನಗೆ ಗೊತ್ತಿಲ್ಲ."

ನನಗೂ ನೆನಪಿಲ್ಲ. ನಿಜವಾಗಿ ನೆನಪಿಲ್ಲ. ಎಷ್ಟು ಹೊತ್ತು ಯೋಚಿಸಿದರೂ ಬರಲಿಲ್ಲ.

"ಶೂಗಳು ಮುಂದೆ ಬಂದವು. ಬರಿಗಾಲು ಹಿಂದೆ ಹೋದವು, ಗೋಡೆ ಸಿಕ್ಕಿತು, ನಿಂತವು. ಬಿಸಿ ಹಾಲಿನ ವಾಸನೆ. ದೊಡ್ಡ ಸದ್ದು. ಲೋಟ ನೆಲದಲ್ಲಿ ಉರುಳಿತು. ಹಾಲು"

ಇಲ್ಲಿ ಪೆನ್ನು ನಿಂತಿತು. ಹಾಲು ಎಲ್ಲಿ ಬಿತ್ತು? ನೆಲದ ಮೇಲೆ ಅಂತ ಬರೆಯಲು ಹೋದೆ. ನನಗೆ ಹೇಗೆ ಗೊತ್ತು? ನಾನು ಕಂಡದ್ದು ಇಷ್ಟೇ: ನಾಯಿ ಗೋಡೆಯ ಬುಡದಲ್ಲಿ ತಲೆ ಬಗ್ಗಿಸಿ ನೆಕ್ಕುತ್ತಿತ್ತು. ನೆಲ ನೆಕ್ಕುತ್ತಿದೆ ಅಂದುಕೊಂಡೆ. ಆದರೆ ಗೋಡೆಯ ಬುಡದಲ್ಲಿ ಇದ್ದದ್ದು ಇವಳ ಪಾದ.

ಆಗಷ್ಟೇ ಒಲೆಯಿಂದ ಇಳಿಸಿದ ಹಾಲು. ಇವಳು ಕೂಗಲಿಲ್ಲ. ಕೂಗುವವಳಲ್ಲ. ಮರುದಿನ ಬೆಳಿಗ್ಗೆ ಚೀಲ ಹಿಡಿದು ಮೆಟ್ಟಿಲು ಇಳಿಯುವಾಗ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿದಳು. ಬೇಕಂತಲೇ ನಿಧಾನ ಮಾಡುತ್ತಿದ್ದಾಳೆ, ಕರೆಯಲಿ ಅಂತ ಕಾಯುತ್ತಿದ್ದಾಳೆ ಅಂತ ನಾನು ಕಿಟಕಿಯಲ್ಲಿ ನಿಂತು ನೋಡಿದ್ದೆ. ಆಮೇಲೆ ಆ ಅಗಲ ಪಟ್ಟಿಯ ಚಪ್ಪಲಿ.

ಇವತ್ತು ಇಷ್ಟೇ.

ಜೂನ್ 26, ಗುರುವಾರ

ನಾನೇ ಫೋನ್ ಮಾಡಿದೆ. "ಅಮ್ಮನ ಕಾಲು ಹೇಗಿದೆ?"

"ಯಾರು ಹೇಳಿದ್ರು ನಿಮಗೆ?" ಅಂದಳು ಮಗಳು.

"ದೊರೆ."

ಅವಳು ನಗಲಿಲ್ಲ. "ವಾಸಿಯಾಗ್ತಾ ಇದೆ. ಚರ್ಮ ಬರ್ತಾ ಇದೆ" ಅಂದಳು. ಯಾವ ಕಾಲು ಅಂತ ಕೇಳಿದೆ. ಮೂವತ್ತೈದು ದಿನದ ಮೇಲೆ ಕೇಳಿದೆ. ಎಡಗಾಲು.

ಜೂನ್ 27, ಶುಕ್ರವಾರ

ಅಧ್ಯಾಯ ಮುಗಿಸಿ ಗ್ರಂಥಪಾಲಕಿಗೆ ತೋರಿಸಿದೆ. ಓದಿ ಮುಗಿಸುವವರೆಗೆ ಪೆನ್ಸಿಲ್ ಎತ್ತಲಿಲ್ಲ, ಧೂಳೂ ಒರೆಸಲಿಲ್ಲ. ಇವಳು ಯಾಕೆ ಇಂಥ ಕಾದಂಬರಿಗಳನ್ನೇ ಓದುತ್ತಾಳೆ ಅಂತ ನಾನೇ ಕೇಳಿದೆ.

"ನಾನೂ ಒಂದ್ಸಲ ಕೇಳಿದ್ದೆ. 'ಇವುಗಳಲ್ಲಿ ಹೇಳೋರಿಗೆ ಮನೇಲಿ ಎದುರು ಮಾತಾಡೋಕಾಗಲ್ಲ. ಆದ್ರೂ ಎಲ್ಲಾ ನೋಡಿರ್ತಾರೆ' ಅಂದ್ರು."

ದಾರಿಯಲ್ಲಿ ಒಂದು ಕಡೆ ಕಟ್ಟೆಯ ಮೇಲೆ ಕೂತೆ. ಅಧ್ಯಾಯವನ್ನು ಹರಿದು ಹಾಕಿದರೆ ಇವಳಿಗೆ ಗೊತ್ತಾಗುವುದಿಲ್ಲ, ತಿಂಗಳ ಕೊನೆಗೆ ಇವಳು ಬಂದಾಗ ಬರೀ ಬಾಯಲ್ಲಿ ಕ್ಷಮಿಸು ಅನ್ನಬಹುದು, ಬರುತ್ತಾಳೇನೋ. ನನ್ನ ವಾದ ಅಂತ ಬರೆಯಲು ಹೊರಟಿದ್ದು ನನ್ನ ಮೇಲಿನ ದೂರಾಗಿ ಕೂತಿದೆ. ಆದರೂ ಸಾಕ್ಷಿ ಹೇಳಿದ್ದನ್ನು ಸ್ಟೆನೋ ಹರಿಯುವಂತಿಲ್ಲ. ಮಗಳ ಮನೆಯ ಕೆಳಗಿನ ಅಂಚೆ ಡಬ್ಬಿಯಲ್ಲಿ ಅಧ್ಯಾಯದ ಲಕೋಟೆ ಹಾಕಿ, ಮೇಲೆ ಹತ್ತದೆ ಬಂದೆ.

ಜೂನ್ 30, ಸೋಮವಾರ

ಹನ್ನೊಂದು ಗಂಟೆಗೆ ಬಂದಳು. ಮಗಳು ಗೇಟಿನ ಹೊರಗೇ ನಿಂತಳು. ದೊರೆ ಓಡಿದ ರಭಸಕ್ಕೆ ಚಾಪೆ ಬಾಗಿಲವರೆಗೆ ಜಾರಿತು. ಅವಳ ಸುತ್ತ ಮೂರು ಸಲ ತಿರುಗಿದ, ಎಡಗಾಲಿನ ಹತ್ತಿರ ಮೂಸಿ ಅಲ್ಲೇ ನಿಂತ. ಕಾಲಿಗೆ ಬಿಳಿ ಬಟ್ಟೆ ಕಟ್ಟಿದ್ದಳು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು.

ಕೂತ್ಕೋ ಅಂದೆ. ಕೂರಲಿಲ್ಲ. ಕೈಯಲ್ಲಿ ನನ್ನ ಹಾಳೆಗಳಿದ್ದವು.

"ಓದಿದೆ. ಒಂದು ಕಡೆ ತಪ್ಪಿದೆ."

"ಎಲ್ಲಿ?"

"ದೊರೆ ಮೇಜಿನ ಕೆಳಗೆ ಇರ್ಲಿಲ್ಲ. ನನ್ನ ಮುಂದೆ ನಿಂತಿದ್ದ. ಲೋಟ ಮೊದ್ಲು ತಾಗಿದ್ದು ಅವನ ಬೆನ್ನಿಗೆ, ಆಮೇಲೆ ಗೋಡೆಗೆ. ನಿಮ್ಮ ಗೇಟಿನ ಸದ್ದು ಕೇಳಿದ್ರೆ ಅವನು ದಿನಾ ಅಲ್ಲಿ ಬಂದು ನಿಲ್ತಿದ್ದ, ರೀ. ನಾನೇನೂ ಕಲಿಸಿದ್ದಲ್ಲ."

ನಾನು ಇಪ್ಪತ್ತು ಪುಟ ಬರೆದುಕೊಂಡಿದ್ದೆ, ಗಂಟೆ ನಿಮಿಷ ಸಮೇತ. ಒಲೆ ಮುಂದೆ ಯಾಕೆ ನಿಲ್ಲುತ್ತಾನೆ ಅಂತ ಎರಡು ವಾರ ಕೇಳಿಕೊಂಡಿದ್ದೆ. ದೊರೆಯನ್ನು ನೋಡಲೂ ಆಗಲಿಲ್ಲ.

"ಕ್ಷಮಿಸು" ಅಂದೆ. ಅವಳು ತಲೆಯಾಡಿಸಿದಳು, ಕೇಳಿಸಿತು ಅನ್ನುವ ಹಾಗೆ.

"ಮಗಳ ಮನೆ ಕೆಳಗೆ ಎರಡು ಕೋಣೆ ಖಾಲಿಯಾಗಿದೆ. ಕೆಳಗಿನ ಮನೆ ಆದ್ರೆ ನಾಯಿ ಬಿಡ್ತಾರೆ. ನೋಡಿ ಬಂದಿದ್ದೀನಿ, ಇನ್ನೂ ಹೂಂ ಅಂದಿಲ್ಲ" ಅಂದಳು. ಹಾಳೆಗಳನ್ನು ಮೇಜಿನ ಮೇಲೆ ಇಟ್ಟಳು. "ನಿಮ್ಮನ್ನ ಒಂದು ಮಾತು ಕೇಳ್ತೀನಿ. ಯೋಚನೆ ಮಾಡಿ ಹೇಳಿ. ಇದನ್ನ ಬರೆದವರು ನೀವು. ಇದ್ರಲ್ಲಿರೋ ಹೆಂಗಸು ಆ ಮನೆಗೆ ವಾಪಸ್ ಬರಬೇಕಾ?"

ಬಾ ಅನ್ನಲು ನಲವತ್ತು ದಿನದಿಂದ ಕಾದಿದ್ದೇನೆ. ಅವಳು ಅವಸರ ಮಾಡಲಿಲ್ಲ. ಎಡಗಾಲು ನೋಯುತ್ತಿತ್ತೋ ಏನೋ, ಭಾರವೆಲ್ಲ ಬಲಗಾಲಿನ ಮೇಲೆ ಹಾಕಿ, ಬಾಗಿಲಿಗೆ ಹತ್ತಿರವಾಗಿ ನಿಂತಿದ್ದಳು. ದೊರೆ ನಮ್ಮಿಬ್ಬರ ನಡುವೆ ಇದ್ದ.

"ಬೇಡ" ಅಂದೆ.

ಬಂದಾಗಿನಿಂದ ನಿಂತೇ ಇದ್ದವಳು ಆಗ ಕುರ್ಚಿ ಎಳೆದುಕೊಂಡು ಕೂತಳು. ಎಡಗಾಲನ್ನು ಮುಂದೆ ಚಾಚಿದಳು. ಕುಡಿಯಲು ನೀರು ಕೊಡಿ ಅಂದಳು, ತಂದುಕೊಟ್ಟೆ. ಮಧ್ಯಾಹ್ನದವರೆಗೆ ಹಾಗೇ ಕೂತಿದ್ದೆವು. ಆಮೇಲೆ ಅವಳು, ಆ ಕೋಣೆಗಳಿಗೆ ಹೂಂ ಅಂತೀನಿ ಅಂತ ಹೇಳಿ, ದೊರೆಯನ್ನು ಕರೆದುಕೊಂಡು ಹೋದಳು.